ಅತ್ತೆಯ ಮೇಲೊಂದು ಅತಿಶಯೋಕ್ತಿ

ಈ ಸಲ ನನ್ನ ತರಗತಿಯಲ್ಲಿ ಅಲಂಕಾರ ಗೊತ್ತಿಲ್ಲದ ಒಂದು ನರಪಿಳ್ಳೆಯೂ ಉಳಿಯಕೂಡದು ಎಂದು ಘೋರ ಪ್ರತಿಜ್ಞೆ ಮಾಡಿದೆ! ನಾನು ಎಫ್ರಾಯಿನ್, ಹೈಸ್ಕೂಲಿನ ಸಾಹಿತ್ಯದ ಮೇಷ್ಟ್ರು. ಉಪಮೆಯಲ್ಲಿ ನನ್ನನ್ನು ಮೀರಿಸುವವರು ಇಡೀ ತ್ಲಾಸ್ಕಾಲಾ ಸೀಮೆಯಲ್ಲಿಲ್ಲ. ಇದು ನನ್ನದೇ ಅಭಿಪ್ರಾಯ.

ಸತ್ತವರ ಹಬ್ಬ ಬಂತು. ಬದುಕಿರುವವರನ್ನೇ ಸಾವು ಕರೆದೊಯ್ದಂತೆ ಪದ್ಯ ಕಟ್ಟಿ ಗೇಲಿ ಮಾಡುವುದು ನಮ್ಮ ಹಬ್ಬದ ಪದ್ಧತಿ. ಮಕ್ಕಳಿಗೊಂದು ಮಾದರಿ ಬೇಕಿತ್ತು. ಅತ್ತೆ ದೋನ್ಯಾ ತೊಮಾಸಾ ನೆನಪಾದರು.

ಆವತ್ತೇ ಬೆಳಿಗ್ಗೆ ಹೆಂಡತಿ ಮಾರಿಕ್ರುಸ್ ಎಚ್ಚರಿಸಿದ್ದಳು. "ಇಷ್ಟು ವರ್ಷದ ಮೇಲೆ ಅಮ್ಮ ಇವತ್ತು ಬರ್ತಿದ್ದಾಳೆ. ನಿಮ್ಮ ದಮ್ಮಯ್ಯ, ಬಾಯಿಗೆ ಬೀಗ ಹಾಕ್ಕೊಂಡಿರಿ."

ಅತ್ತೆಯ ಮುನಿಸಿಗೆ ಕಾರಣ ನನ್ನದೇ ಉಪಮೆ. ಮದುವೆಯ ಊಟದಲ್ಲಿ ಅತ್ತೆ ಮಾಡಿದ ಜೋಳದ ಕಡುಬು ತಮಾಲೆಯನ್ನು ಇಟ್ಟಿಗೆಗೆ ಹೋಲಿಸಿದ್ದೆ. ಹೋಲಿಕೆ ಆಕಾರಕ್ಕೆ ಮಾತ್ರ ಎಂದು ವಿವರಿಸುವಷ್ಟರಲ್ಲಿ ಅವರು ಬಸ್ಸು ಹತ್ತಿದ್ದರು. ಅಂದಿನಿಂದ ತಾಯಿಗಾಗಿ ಹಂಬಲಿಸಿದವಳು ಮಾರಿಕ್ರುಸ್.

ಬಾಯಿಗೆ ಬೀಗ ಹಾಕಿದೆ. ಕೈಗೆ ಹಾಕಲಿಲ್ಲ.

ಸಾವು ಬಂತು ತೊಮಾಸಾ ಮನೆ ಬಾಗಿಲಿಗೆ,
'ಕಾಲೊರೆಸಿಕೊಂಡು ಬಾ' ಅಂದಳು ಮೆಲ್ಲಗೆ;
ದಾರಿಯುದ್ದ ಬೈಸಿಕೊಂಡು ನಡೆದು ಮಸಣಕೆ
ಸುಸ್ತಾಗಿ ಸಾವೇ ಮೊದಲು ಇಳಿಯಿತು ಗುಂಡಿಗೆ.

ಶಾಲೆಯ ಗೇಟಿನ ಬಳಿ ಮಕ್ಕಳು ಕಟ್ಟಿದ್ದ ಹಬ್ಬದ ಪೀಠಕ್ಕೆ ಇದನ್ನು ಅಂಟಿಸಿದೆ. ಚಿತ್ರವೂ ಇದ್ದರೆ ಪಾಠ ನಾಟುತ್ತದೆಂದು ಮೇಲೆ ಅತ್ತೆಯ ಫೋಟೋ ಇಟ್ಟೆ. ಪೀಠದ ಮೇಲೆ ಸತ್ತವರ ಫೋಟೋ ಮಾತ್ರ ಇಡುತ್ತಾರೆಂದು ನಮ್ಮೂರಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆಗ ನಾನು ಕಲೆಯಲ್ಲಿ ಮುಳುಗಿದ್ದೆ.

ಮಕ್ಕಳ ತಾಯಂದಿರು ಬಂದು ಚೆಂಡುಹೂವು ಸುರಿದರು. ಪದ್ಯ ಹೂವಿನಡಿ ಹೂತುಹೋಯಿತು. ಉಳಿದದ್ದು ಫೋಟೋ, ಮುಂದೆ ಮೇಣದ ಬತ್ತಿ.

ಸಂಜೆ ಮನೆಗೆ ಬಂದರೆ ಅಂಗಳದ ತುಂಬ ಕಪ್ಪು ಶಾಲಿನ ಹೆಂಗಸರು. ಒಬ್ಬರು ಸಕ್ಕರೆ ತಂದಿದ್ದರು, ಒಬ್ಬರು ಕಾಫಿಪುಡಿ. ಸತ್ತವರಿಗಾಗಿ ಮಾಡುವ ಜಪಮಾಲೆ ಶುರುವಾಗಿತ್ತು. ಅತ್ತೆಯ ಫೋನ್ ಸಿಗುತ್ತಿಲ್ಲವೆಂದು ಮಾರಿಕ್ರುಸ್ ಗೋಡೆಗೊರಗಿ ಅಳುತ್ತಿದ್ದಳು. ಅದನ್ನು ನೋಡಲಾಗದೆ ಅಷ್ಟೂ ಜನರೆದುರು ಬಾಯಿಬಿಟ್ಟೆ, ಪದ್ಯವನ್ನೂ ಹೇಳಿದೆ. ಯಾರೂ ನಗಲಿಲ್ಲ.

ಬೆನ್ನ ಹಿಂದಿನಿಂದ ದನಿ ಬಂತು. "ಕೊನೇ ಸಾಲು ಇನ್ನೊಂದ್ಸಲ ಹೇಳು."

ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಪೆಟ್ಟಿಗೆ.

ಹೇಳಿದೆ. ಮಾರಿಕ್ರುಸ್ ಓಡಿಹೋಗಿ ಅವರನ್ನು ತಬ್ಬಿಕೊಂಡಳು. ಅತ್ತೆ ಅವಳ ತಲೆ ನೇವರಿಸುತ್ತ, ಹೆಂಗಸರಿಗೆ ಜಪ ಪೂರ್ತಿ ಮಾಡಿಯೇ ಹೋಗಿ ಅಂದರು. ತಮ್ಮ ತಿಥಿಯ ಕಾಫಿಯನ್ನು ತಾವೇ ಕುಡಿದು, ಸಕ್ಕರೆ ಕಮ್ಮಿ ಎಂದರು. ಆಮೇಲೆ ನನ್ನತ್ತ ತಿರುಗಿದರು.

"ನನ್ನ ಮಗಳು ಹೀಗೆ ಅಳೋದು ನೋಡಿದ್ಮೇಲೆ ಎಲ್ಲಿಗಪ್ಪ ಹೋಗ್ಲಿ? ಸಾಯೋವರೆಗೂ ಇಲ್ಲೇ ಇರ್ತೀನಿ."

"ಅತಿಶಯೋಕ್ತಿ ತಾನೇ, ಅತ್ತೆ?"

ಮಾರಿಕ್ರುಸ್ ಆಗಲೇ ಪೆಟ್ಟಿಗೆಯನ್ನು ನನ್ನ ಓದುವ ಕೋಣೆಗೆ ಸಾಗಿಸುತ್ತಿದ್ದಳು.

ಈಗ ಮನೆಯಲ್ಲಿ ಭಾನುವಾರ ತಪ್ಪದೆ ತಮಾಲೆ. ಚೆನ್ನಾಗಿದೆ ಅನ್ನುತ್ತೇನೆ. ಯಾವುದರ ಹಾಗೆ ಎಂದು ಹೇಳುವುದಿಲ್ಲ.