ಒಣಮೀನು ಕೊಠಡಿಗೆ ಇಂಟರ್‌ನೆಟ್ ಒದಗಿಸಿದ ಬಗ್ಗೆ

ಅಳಿವೆಬೈಲು ಗ್ರಾಮದ ಕಟ್ಟಡ ಸಂಖ್ಯೆ ೩-೧೧೭ರಲ್ಲಿ ಬಾಡಿಗೆಗಿದ್ದ ಇಬ್ಬರು ವಿದ್ಯಾರ್ಥಿನಿಯರು ಮೇ ತಿಂಗಳ ಇಪ್ಪತ್ತೆಂಟನೇ ತಾರೀಕಿನಿಂದ ಜಾರಿಗೆ ಬರುವಂತೆ ಒಣಮೀನು ಆಗಿರುತ್ತಾರೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಕಾಗದಪತ್ರಗಳೆಲ್ಲ ಕ್ರಮಬದ್ಧವಾಗಿವೆ. ಇರಲೇಬೇಕು, ಬರೆದದ್ದು ನಾನು.

ನನ್ನ ಹೆಸರು ಸುಬ್ಬ. ಬೈಂದೂರಿನಲ್ಲಿ ಕಚೇರಿಗಳ ಎದುರಿನ ಜಗಲಿಯಲ್ಲಿ ಒಂದು ಮೇಜು, ಒಂದು ಸ್ಟೂಲು ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ಅರ್ಜಿ ಬರೆಯುತ್ತಿದ್ದೇನೆ. ದಾಖಲೆಯಲ್ಲಿ ಸತ್ತವರನ್ನು ಬದುಕಿಸಿದ್ದೇನೆ. ಬದುಕಿದ್ದ ಒಬ್ಬರನ್ನು ಅವರದೇ ಒಪ್ಪಿಗೆ ಮೇರೆಗೆ ಆರು ತಿಂಗಳ ಮಟ್ಟಿಗೆ ಸಾಯಿಸಿಯೂ ಇದ್ದೇನೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿದ್ದದ್ದೇ ಊರಲ್ಲಿರುವುದು ಎಂದು ನಂಬಿದವನು ನಾನು. ಈ ನಂಬಿಕೆಯನ್ನು ಗೇಲಿ ಮಾಡಿದವರೂ ಕೊನೆಗೆ ನನ್ನ ಮೇಜಿಗೇ ಬಂದಿದ್ದಾರೆ.

ಸದರಿ ಕಟ್ಟಡ ಪ್ರೇಮಾನಂದನದ್ದು. ಕಡಲಿಗೆ ಇನ್ನೂರು ಹೆಜ್ಜೆ ದೂರ, ಎರಡು ಕೋಣೆ, ಮೇಲೆ ಶೀಟು. ಪ್ರೇಮಾನಂದ ಮೊದಲು ಅಲ್ಲಿ ಒಣಮೀನು ತುಂಬಿಡುತ್ತಿದ್ದ. ಕಾಲೇಜಿನ ಮಕ್ಕಳು ರೂಮು ಹುಡುಕಿಕೊಂಡು ಬರತೊಡಗಿದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಮೀನು ಮಳೆಗಾಲದಲ್ಲಿ ಹಾಳಾಗುತ್ತದೆ, ವಿದ್ಯಾರ್ಥಿಗಳು ಹಾಳಾಗುವುದಿಲ್ಲ; ಹಾಳಾದರೂ ಬಾಡಿಗೆ ನಿಲ್ಲುವುದಿಲ್ಲ. ಮೀನು ಖಾಲಿ ಮಾಡಿಸಿ, ಗೋಡೆಗೆ ಎರಡು ಕೈ ಸುಣ್ಣ ಬಳಿಸಿ, "ಸಮುದ್ರದ ಗಾಳಿ ಉಚಿತ" ಎಂದು ಬೋರ್ಡು ಹಾಕಿದ. ಗಾಳಿಯ ಜೊತೆ ಬರುವ ಹಳೆಯ ವಾಸನೆಯೂ ಉಚಿತವೇ.

ಅಲ್ಲಿ ಇದ್ದವರು ಬಾರ್ಕೂರಿನ ಸೌಜನ್ಯ ಮತ್ತು ಅವಳ ಗೆಳತಿ ನವ್ಯಾ. ಇಬ್ಬರದ್ದೂ ಬಿಕಾಂ ಆಗಷ್ಟೇ ಮುಗಿದಿತ್ತು. ಸೌಜನ್ಯಳ ತಾಯಿ ಗುಲಾಬಿ ಬಾರ್ಕೂರಿನ ಓಣಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವವರು. ಬೆಳಿಗ್ಗೆ ಮಲ್ಪೆಯಿಂದಲೋ ಗಂಗೊಳ್ಳಿಯಿಂದಲೋ ಮೀನು ತಂದು, ಮಧ್ಯಾಹ್ನದೊಳಗೆ ನಲವತ್ತು ಮನೆ ತಿರುಗಿ, ಮಗಳನ್ನು ಓದಿಸಿದವರು. ಅವರು ಮಗಳಿಗೆ ಹೇಳಿದ್ದು ಒಂದೇ ಮಾತು.

"ಮೀನ್ ನಂಗೇ ಸಾಕ್ ಮಗಾ. ನೀನ್ ಫ್ಯಾನಿನ್ ಕೆಳ್ಗೆ ಕೂಕಂಡ್ ಕೆಲ್ಸ ಮಾಡ್ಕ್."

ಅಂಥ ಫ್ಯಾನು ಬ್ರಹ್ಮಾವರದ ಕಡೆಯ ಒಂದು ಸಹಕಾರಿ ಸಂಘದಲ್ಲಿ ಖಾಲಿ ಇತ್ತು. ಗುಮಾಸ್ತರ ಹುದ್ದೆ, ಒಂದೇ ಒಂದು. ಪರೀಕ್ಷೆ ಜೂನ್ ಒಂಬತ್ತರಂದು ಬೆಳಿಗ್ಗೆ ಹತ್ತಕ್ಕೆ, ಆನ್‌ಲೈನು. ಅಭ್ಯರ್ಥಿಯು ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿಯೇ ಕುಳಿತು, ತಂತಿ ಮೂಲಕ ಬರುವ ಇಂಟರ್‌ನೆಟ್‌ನಲ್ಲೇ ಬರೆಯತಕ್ಕದ್ದು. ಸಂಪರ್ಕ ಮೂರು ಸಲ ಕಡಿದರೆ ಅಭ್ಯರ್ಥಿಯನ್ನೂ ಕಡಿಯಲಾಗುವುದು ಎಂದು ಸೂಚನೆಯಲ್ಲಿತ್ತು. ಸೌಜನ್ಯ ಕೊಟ್ಟಿದ್ದ ವಿಳಾಸ ೩-೧೧೭. ಅಲ್ಲಿ ಮೊಬೈಲಿಗೆ ಸಿಗ್ನಲ್ ಬೇಕಾದರೂ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಲ್ಲಬೇಕಿತ್ತು.

ಆದ್ದರಿಂದ ಅವಳು 'ಕಡಲಸಿರಿ ಫೈಬರ್' ಎಂಬ ಕಂಪೆನಿಯ ಯೋಗೀಶನನ್ನು ಕರೆಸಿದಳು. ಯೋಗೀಶ ಒಳ್ಳೆಯ ಹುಡುಗ, ಏಣಿಯ ಸಮೇತ ಬಂದ. ಕಂಬದಿಂದ ಶೀಟಿಗೆ ತಂತಿ ಎಳೆದು, ಗೋಡೆಗೆ ಡಬ್ಬಿ ಹೊಡೆದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಆ ಮೇಲೆ ಚಾಲೂ ಮಾಡುವ ಮುಂಚೆ ಕಟ್ಟಡದ ದಾಖಲೆ ಒಂದು ಕೊಡಿ ಎಂದ. ದಾಖಲೆ ಕೇಳಿದ ಕೂಡಲೇ ಪ್ರೇಮಾನಂದನಿಗೆ ಎಲ್ಲಿಗೋ ಹೋಗುವ ಅರ್ಜೆಂಟು ಬಂದುಬಿಟ್ಟಿತು.

ಪಂಚಾಯಿತಿಯ ಗುಮಾಸ್ತ ಚಂದಯ್ಯ ರಿಜಿಸ್ಟರ್ ತೆಗೆದು ಓದಿದರು. "೩-೧೧೭. ಒಣಮೀನು ದಾಸ್ತಾನು ಕೊಠಡಿ. ಮನುಷ್ಯವಾಸಕ್ಕಲ್ಲ." ಹತ್ತು ವರ್ಷದ ಹಿಂದೆ ಪ್ರೇಮಾನಂದ ಒಣಮೀನಿನ ಹೆಸರಿನಲ್ಲಿ ಸಹಾಯಧನ ತೆಗೆದುಕೊಂಡಿದ್ದ. ಈಗ ಅದನ್ನು ಮನೆ ಎಂದು ಬದಲಾಯಿಸಿದರೆ ಸಹಾಯಧನವನ್ನು ಬಡ್ಡಿ ಸಹಿತ ವಾಪಸು ಕೊಡಬೇಕು. ಸರಕಾರ ಪ್ರೀತಿಯಿಂದ ಕೊಟ್ಟದ್ದನ್ನು ವಾಪಸು ಕೊಟ್ಟರೆ ಸರಕಾರಕ್ಕೆ ಬೇಜಾರಾಗುತ್ತದೆ ಎಂದು ಪ್ರೇಮಾನಂದ ಬಲವಾಗಿ ಅಭಿಪ್ರಾಯಪಟ್ಟ.

ಸೌಜನ್ಯ ನನ್ನ ಮೇಜಿಗೆ ಬಂದದ್ದು ಆಗ. ನಾನು ಕಂಪೆನಿಯ ನಿಯಮಾವಳಿ ತರಿಸಿ ಓದಿದೆ. ಯಾವ ನಿಯಮವೂ ಪೂರ್ತಿ ಮುಚ್ಚಿರುವುದಿಲ್ಲ, ಗಾಳಿಗೆಂದಾದರೂ ಒಂದು ಕಿಂಡಿ ಬಿಟ್ಟಿರುತ್ತಾರೆ. ಇಲ್ಲೂ ಇತ್ತು. ಮೀನು ದಾಸ್ತಾನಿನ ಜಾಗಗಳಿಗೆ 'ಕಡಲಸಂಪತ್ತು' ಎಂಬ ಯೋಜನೆಯಡಿ ಸಂಪರ್ಕ ಕೊಡಬಹುದು. ಷರತ್ತು ಒಂದೇ, ಒಳಗೆ ದಾಸ್ತಾನು ಇರಬೇಕು ಮತ್ತು ಅದನ್ನು ಪಂಚಾಯಿತಿಯವರು ಕಣ್ಣಾರೆ ನೋಡಿ ದೃಢೀಕರಿಸಬೇಕು.

ಮೇ ಇಪ್ಪತ್ತೆಂಟರಂದು ಚಂದಯ್ಯ ತಪಾಸಣೆಗೆ ಬಂದರು. ಒಳಗೆ ನೋಡಿದರೆ ಎರಡು ಹಾಸಿಗೆ, ಒಂದು ಸ್ಟೌ, ಸೌಜನ್ಯ, ನವ್ಯಾ. ಚಂದಯ್ಯನವರಿಗೆ ಧರ್ಮಸಂಕಟ. ದಾಸ್ತಾನು ಇಲ್ಲ ಎಂದು ಬರೆದರೆ ಹುಡುಗಿಗೆ ಸಂಪರ್ಕವಿಲ್ಲ, ಮನುಷ್ಯರಿದ್ದಾರೆ ಎಂದು ಬರೆದರೆ ಪ್ರೇಮಾನಂದನ ಮೇಲೆ ಕೇಸು. ಫಾರಮಿನಲ್ಲಿ ಮನುಷ್ಯರಿಗೆ ಕಾಲಮ್ಮೂ ಇರಲಿಲ್ಲ. ಹಸಿ, ಐಸ್ ಹಾಕಿದ್ದು, ಒಣಗಿದ್ದು, ಇಷ್ಟೇ. ಒಣಮೀನು ಕೊಠಡಿಯಲ್ಲಿ ಒಣಮೀನಲ್ಲದೆ ಬೇರೇನೂ ಇರತಕ್ಕದ್ದಲ್ಲ ಎಂದು ನಿಯಮ ಇರುವಾಗ, ಒಳಗಿರುವುದು ಏನೆಂದು ನೋಡುವ ಅಗತ್ಯವೇ ಇಲ್ಲವಲ್ಲ ಎಂದು ನಾನು ವಿನಯದಿಂದ ಸೂಚಿಸಿದೆ. ಚಂದಯ್ಯ ಪೆನ್ನಿನ ಮುಚ್ಚಳ ತೆಗೆದರು.

"ಸುಬ್ಬಣ್ಣ, ಇವ್ರ್ ಹಸಿಯಾ, ಒಣ್ಗಿದ್ದಾ?"

ಮೂರು ವರ್ಷ ರೂಮಿನಲ್ಲಿ ತಾವೇ ಬೇಯಿಸಿಕೊಂಡು ತಿಂದ ಮಕ್ಕಳು. ಒಣಗಿದ್ದು ಎಂಬ ಕಾಲಮ್ಮಿಗೆ ಗುರುತು ಹಾಕುವಾಗ ಯಾರೂ ತಕರಾರು ಮಾಡಲಿಲ್ಲ. ಜಾತಿ ಎಂಬಲ್ಲಿ ಅಂಜಲ್ ಎಂದು ಬರೆಯಿರಿ ಎಂದು ನವ್ಯಾ ಕೇಳಿದಳು, ಅಷ್ಟು ದೊಡ್ಡ ಮೀನಿಗೆ ಬೇರೆ ಫಾರಮು ಬೇಕಾಗುತ್ತದೆಂದು ಚಂದಯ್ಯ ಬಂಗುಡೆ ಎಂದು ಹಾಕಿದರು. ಪ್ರೇಮಾನಂದನ ಹಳೇ ತಕ್ಕಡಿ ಬಂತು. ಸೌಜನ್ಯ ನಲವತ್ತೆಂಟು ಕೆಜಿ, ನವ್ಯಾ ಅರವತ್ತೊಂದು. ಇಡೀ ಪ್ರಕ್ರಿಯೆಯಲ್ಲಿ ಲಿಖಿತ ಆಕ್ಷೇಪಣೆ ಬಂದದ್ದು ಈ ಅರವತ್ತೊಂದರ ಬಗ್ಗೆ ಮಾತ್ರ.

ಮರುದಿನ ಇಂಟರ್‌ನೆಟ್ ಬಂತು. ಡಬ್ಬಿಯಲ್ಲಿ ಹಸಿರು ದೀಪ ಹೊತ್ತಿಕೊಂಡಾಗ ಸೌಜನ್ಯಳ ಮುಖದಲ್ಲಿ ಕಂಡ ಸಂತೋಷವನ್ನು ನಾನು ಅರ್ಜಿಗಳಲ್ಲಿ ಬಹಳ ಸಲ ಬರೆದಿದ್ದೇನೆ, ಕಣ್ಣಾರೆ ಕಂಡದ್ದು ಕಡಿಮೆ. ನವ್ಯಾ ಮೂವತ್ತೊಂದರಂದು ಗಂಟು ಕಟ್ಟಿಕೊಂಡು ಊರಿಗೆ ಹೋದಳು. ದಾಸ್ತಾನು ಪುಸ್ತಕದಲ್ಲಿ ಅವಳ ಎದುರು ಚಂದಯ್ಯ 'ಮಾರಾಟವಾಗಿದೆ' ಎಂದು ಬರೆದರು.

ಜೂನ್ ಒಂದರಂದು ಬೆಳಿಗ್ಗೆ ಹಸಿರು ದೀಪ ಕೆಂಪಾಯಿತು. ಕಂಪೆನಿಯ ಪ್ರಕಟಣೆಯನ್ನು ಯೋಗೀಶ ಕೈಯಲ್ಲಿ ಹಿಡಿದು ತಂದ. ಅದರ ಪೂರ್ಣಪಾಠ ಹೀಗಿದೆ:

"ಗೌರವಾನ್ವಿತ ಗ್ರಾಹಕರೇ, ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಮೀನುಗಾರಿಕೆ ನಿಷೇಧ ಜಾರಿಯಲ್ಲಿರುವುದರಿಂದ 'ಕಡಲಸಂಪತ್ತು' ಗ್ರಾಹಕರು ಈ ಅವಧಿಯಲ್ಲಿ ಇಂಟರ್‌ನೆಟ್‌ನಿಂದ ಏನನ್ನೂ ಎಳೆಯುವಂತಿಲ್ಲ. ಇಂಟರ್‌ನೆಟ್‌ನಲ್ಲಿರುವ ಸಂಪತ್ತು ಮರಿ ಹಾಕಿ ವೃದ್ಧಿಯಾಗಲು ಸಹಕರಿಸಿ. ಯಂತ್ರವಿಲ್ಲದ ನಾಡದೋಣಿಗಳಿಗೆ ಇರುವ ವಿನಾಯಿತಿಯು ಗುಂಡಿ ಒತ್ತುವ ಹಳೇ ಫೋನುಗಳಿಗೂ ಅನ್ವಯಿಸುತ್ತದೆ."

ಪ್ರಕಟಣೆಯ ಭಾಷೆ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಆದರೆ ಪರೀಕ್ಷೆಗೆ ಉಳಿದಿದ್ದದ್ದು ಎಂಟು ದಿನ. ಸೌಜನ್ಯ ಮಳೆಯಲ್ಲಿ ನೆನೆದುಕೊಂಡು ನನ್ನ ಜಗಲಿಗೆ ಬಂದು ಸ್ಟೂಲಿನ ಮೇಲೆ ಕೂತು ಅತ್ತಳು. ಅಳುವವರು ಈ ಸ್ಟೂಲಿನ ಮೇಲೆ ದಿನಾ ಕೂರುತ್ತಾರೆ, ಆದರೆ ಈ ಹುಡುಗಿಯನ್ನು ಮೀನು ಮಾಡಿದ ಕೈ ನನ್ನದು.

"ಸುಬ್ಬಣ್ಣ, ನಾನ್ ಮನ್ಷ್ರ್ ಪೈಕಿ ಅಂದೇಳಿ ಒಂದ್ ಕಾಗ್ದ ಬರ್ದ್ ಕೊಡುಕೆ ಆತಿಲ್ಯಾ?"

ಕೊಡಬಹುದಿತ್ತು. ಆದರೆ ಮನುಷ್ಯಳೆಂದು ಬರೆಯಲು ವಾಸದ ದೃಢೀಕರಣ ಬೇಕು, ವಾಸದ ವಿಳಾಸ ೩-೧೧೭, ಅಲ್ಲಿ ಮನುಷ್ಯರು ವಾಸ ಮಾಡುವುದಿಲ್ಲ. ಅದನ್ನು ಅವಳಿಗೆ ಸಮಾಧಾನವಾಗಿ ವಿವರಿಸಿದೆ. ಮೂರು ವರ್ಷ ಬಿಕಾಂ ಓದಿದವಳು, ಬೇಗ ಅರ್ಥ ಮಾಡಿಕೊಂಡಳು. ಮನುಷ್ಯಳಾಗುವುದಕ್ಕೆ ಮೂರು ತಿಂಗಳು ಬೇಕು, ಒಳ್ಳೆಯ ಮೀನಾಗುವುದಕ್ಕೆ ಎಂಟು ದಿನ ಸಾಕು. ನಿಷೇಧ ಇರುವುದು ಹೊಸದಾಗಿ ಹಿಡಿಯುವುದಕ್ಕೆ. ಮೊದಲೇ ಹಿಡಿದಿಟ್ಟ ಮಾಲಿಗೆ ನಿಷೇಧವಿಲ್ಲ. ಸೌಜನ್ಯ ಮೇ ಮೂವತ್ತೊಂದರ ಮುಂಚೆಯೇ ಹಿಡಿಯಲ್ಪಟ್ಟವಳು ಎಂದು ಸಾಬೀತಾದರೆ ಸಾಕಿತ್ತು. ಅದಕ್ಕೆ ದಾಸ್ತಾನು ಪುಸ್ತಕ ಸಾಲದು, ಹಿಡಿದವರ ಹೇಳಿಕೆ ಬೇಕು.

ಗುಲಾಬಕ್ಕ ಮರುದಿನವೇ ಬಾರ್ಕೂರಿನಿಂದ ಬಂದರು. ನಾನು ಎಲ್ಲವನ್ನೂ ವಿವರವಾಗಿ ಹೇಳಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಗಳನ್ನು ಒಂದು ಸಲ ನೋಡಿ, ಏನು ಕೇಳಬೇಕೋ ಕೇಳಿ ಎಂದರು. ಚಂದಯ್ಯ ಫಾರಮು ಹಿಡಿದು, ಸದರಿ ಮಾಲನ್ನು ಯಾವಾಗ, ಎಲ್ಲಿ ಹಿಡಿದದ್ದು ಎಂದು ಕೇಳಿದರು.

"ಇಪ್ಪತ್ತೊಂದ್ ವರ್ಷ ಆಯ್ತ್. ಬಾರ್ಕೂರಂಗೆ. ಇಡೀ ದಿನ ಹೆರ್ಗಿ ಬ್ಯಾನಿ ತಿಂದಿದ್ದೆ."

ಚಂದಯ್ಯ ಅದನ್ನು ಬರೆದುಕೊಂಡು, ದೋಣಿ ಸಂಖ್ಯೆ ಎಷ್ಟು ಎಂದರು. ಆಸ್ಪತ್ರೆಗೆ ಹೋದದ್ದು ರಿಕ್ಷಾದಲ್ಲಿ ಎಂದು ಗುಲಾಬಕ್ಕ ಹೇಳಿದರು. ಆ ರಿಕ್ಷಾದ ನಂಬರು ಅವರಿಗೆ ಇಂದಿಗೂ ಬಾಯಿಪಾಠ ಇತ್ತು. ದೋಣಿ ಕಾಲಮ್ಮಿನಲ್ಲಿ ಅದನ್ನೇ ಬರೆದೆವು. ಇಪ್ಪತ್ತೊಂದು ವರ್ಷ ಕೆಡದೆ ಉಳಿದ ಮಾಲು ಅಪರೂಪ ಎಂದು ಚಂದಯ್ಯ ಷರಾದಲ್ಲಿ ಸ್ವಹಸ್ತದಿಂದ ಸೇರಿಸಿದರು.

ಆ ಹೇಳಿಕೆಯ ಮೇಲೆ ವಿಶೇಷ ಪ್ರಮಾಣಪತ್ರ ಸಿಕ್ಕಿ, ಜೂನ್ ಎಂಟರ ಸಂಜೆ ದೀಪ ಮತ್ತೆ ಹಸಿರಾಯಿತು. ಮರುದಿನ ಹತ್ತು ಗಂಟೆಗೆ ಸೌಜನ್ಯ ಪರೀಕ್ಷೆಗೆ ಕೂತಳು. ನಾವೆಲ್ಲ ಹೊರಗೆ ಕೊಡೆ ಹಿಡಿದು ನಿಂತಿದ್ದೆವು. ಕಂಬಕ್ಕೆ ದನ ಮೈ ಉಜ್ಜದ ಹಾಗೆ ಯೋಗೀಶ ಕಾವಲಿದ್ದ. ಪ್ರೇಮಾನಂದ ಯಾವತ್ತೂ ಇಲ್ಲದ ಹಾಗೆ ಮೂರು ಗಂಟೆ ಬಾಯಿ ಮುಚ್ಚಿಕೊಂಡಿದ್ದ. ಪರದೆಯ ಆಚೆ ಕುಳಿತ ಮೇಲ್ವಿಚಾರಕರು ಕೋಣೆಯನ್ನೆಲ್ಲ ತೋರಿಸಲು ಹೇಳಿದರಂತೆ. ಗೋಡೆಯ ಮೇಲೆ ಅಂಟಿಸಿದ ದಾಸ್ತಾನು ಪಟ್ಟಿ ನೋಡಿ, ಅಭ್ಯರ್ಥಿ ಮತ್ತು ಮಾಲು ಒಂದೇ ಹೌದೋ ಎಂದು ಕೇಳಿ, ಹೌದೆಂದ ಮೇಲೆ ಪ್ರಶ್ನೆಪತ್ರಿಕೆ ತೆರೆದರಂತೆ. ಸಂಪರ್ಕ ಎರಡು ಸಲ ಕಡಿಯಿತು. ಮೂರನೆಯ ಸಲ ಕಡಿಯಲಿಲ್ಲ.

ಸೌಜನ್ಯ ಮೊದಲನೆಯವಳಾಗಿ ಪಾಸಾದಳು. ಜುಲೈ ಒಂದರಂದು ಬೆಳಿಗ್ಗೆ ಹತ್ತೂವರೆಯೊಳಗೆ ಬ್ರಹ್ಮಾವರದ ಕಚೇರಿಯಲ್ಲಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಎರಡನೆಯ ಅಭ್ಯರ್ಥಿಗೆ ಹುದ್ದೆ ಎಂದು ಆದೇಶ ಬಂತು. ಪ್ರೇಮಾನಂದ ಆ ತಿಂಗಳ ಬಾಡಿಗೆ ಮನ್ನಾ ಮಾಡಿ ಲಡ್ಡು ಹಂಚಿದ, ಅದೂ ಊರಿನವರ ಎದುರೇ. ಚಂದಯ್ಯ ಮಾತ್ರ ತಲೆ ಕೆರೆದುಕೊಳ್ಳುತ್ತ ಬಂದರು. ನಿಷೇಧದ ಅವಧಿಯಲ್ಲಿ ವಿಶೇಷ ಪ್ರಮಾಣಪತ್ರ ಪಡೆದ ಮಾಲನ್ನು ಜುಲೈ ಮೂವತ್ತೊಂದರವರೆಗೆ ಕೊಠಡಿಯಿಂದ ಹೊರಗೆ ಸಾಗಿಸುವಂತಿರಲಿಲ್ಲ. ಸಾಗಿಸುವುದೇ ಆದರೆ ಮೀನು ಮಾರಾಟದ ಕಾರ್ಡು ಇದ್ದವರ ಜೊತೆಯಲ್ಲೇ, ಸಾಗಣೆ ಪರವಾನಗಿಯ ಮೇಲೆ, ಸಾಕ್ಷಿಯೊಬ್ಬರ ಸಮಕ್ಷಮ ಆಗಬೇಕು.

ಪರವಾನಗಿ ನಾನು ಬರೆದೆ. ಮಾಲಿನ ವಿವರ ಒಣ ಬಂಗುಡೆ, ಸಂಖ್ಯೆ ಒಂದು, ತೂಕ ನಲವತ್ತೆಂಟು ಕೆಜಿ, ಉದ್ದೇಶ ಗುಮಾಸ್ತರ ಕೆಲಸ. ಸಾಕ್ಷಿಯೂ ನಾನೇ. ಜುಲೈ ಒಂದರಂದು ಬೆಳಿಗ್ಗೆ ಜೋರು ಮಳೆಯಲ್ಲಿ ಕೊಡೆ ಹಿಡಿದು ಗುಲಾಬಕ್ಕ, ಸೌಜನ್ಯ ಮತ್ತು ನಾನು ಬೈಂದೂರಿನಲ್ಲಿ ಉಡುಪಿ ಕಡೆಯ ಸರಕಾರಿ ಬಸ್ಸು ಹತ್ತಿದೆವು. ಸೌಜನ್ಯ ಹೊಸ ಚೂಡಿದಾರ ಹಾಕಿದ್ದಳು, ಕೈಯಲ್ಲಿ ನೇಮಕಾತಿ ಆದೇಶ ಇತ್ತು.

ಕಂಡಕ್ಟರ್ ಬಂದರು. ಗುಲಾಬಕ್ಕನಿಗೆ ಹೆಂಗಸರ ಉಚಿತ ಟಿಕೆಟು ಹರಿದು ಕೊಟ್ಟರು. ಸೌಜನ್ಯಳಿಗೂ ಹರಿಯಲು ಹೊರಟವರು ನಾನು ತೋರಿಸಿದ ಪರವಾನಗಿಯನ್ನು ಎರಡು ಸಲ ಓದಿ, ಮಾಲಿಗೆ ಉಚಿತ ಇಲ್ಲ, ಲಗೇಜು ಹಾಕಬೇಕಾಗುತ್ತದೆ ಎಂದರು. ಹೇಳಿದ ರೇಟು ಕೇಳಿ ಗುಲಾಬಕ್ಕ ಸೀಟಿನಿಂದ ಎದ್ದು ನಿಂತರು. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಬುಟ್ಟಿ ಸಾಗಿಸಿದ ಹೆಂಗಸು.

"ಹ್ವಾಯ್, ಒಣ್ಗಿದ್ ಮಾಲಿಗೆ ಹಸಿ ಮೀನಿನ್ ರೇಟ್ ಹಾಕ್ತ್ರಿಯಾ? ಕಾಣಿ, ಒಂದ್ ತೊಟ್ಟ್ ನೀರ್ ಇಳಿತಿಲ್ಲೆ."

ಸುತ್ತಲಿನವರು ಸೌಜನ್ಯಳನ್ನು ನೋಡಿ, ಹೌದು, ಒಣಗಿದ್ದೇ ಎಂದು ಸಾಕ್ಷಿ ಹೇಳಿದರು. ಕಂಡಕ್ಟರ್ ನ್ಯಾಯವಂತರು, ರೇಟು ಅರ್ಧಕ್ಕೆ ಇಳಿಸಿದರು. ಲಗೇಜನ್ನು ಸೀಟಿನ ಮೇಲೆ ಇಡುವಂತಿಲ್ಲವಾದ್ದರಿಂದ ಸೌಜನ್ಯ ಕಂಬಿ ಹಿಡಿದು ನಿಂತುಕೊಂಡೇ ಬಂದಳು, ತಾಯಿ ಅವಳ ಕೈ ಹಿಡಿದುಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದರು. ಮರವಂತೆ ದಾಟುವಾಗ ಗಾಳಿಗೆ ಮಳೆ ಒಳಗೆ ಎರಚಿತು. ಹಿಂದಿನ ಸೀಟಿನ ಹಿರಿಯರೊಬ್ಬರು ಎದ್ದು, ಮಾಲು ಒದ್ದೆಯಾದೀತು ಎಂದು ಕಿಟಕಿಯ ಗಾಜು ಎಳೆದು ಮುಚ್ಚಿದರು.