ಓದಿದಾಕಿಗೆ ಏನಂತಾರ್ರಿ?

ಓದಿದ ಹೆಣ್ಣಿಗೆ ಏನೆನ್ನಬೇಕು ಅನ್ನೋದು ನಮ್ಮ ಕಡೆ ಎಂದೂ ತೀರ್ಮಾನವಾಗಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಜಾಣೆ, ವಿದುಷಿ, ಪಂಡಿತೆ ಎಂಬ ಪದಗಳು ಹಳೆಯ ಕಾವ್ಯಗಳಲ್ಲಿ ಎಲ್ಲೆಲ್ಲಿ ಬಂದಿವೆ ಎಂದು ಹುಡುಕುವುದು ನನ್ನ ಸಂಶೋಧನೆ. ಕಾವ್ಯದಲ್ಲಿ ಸಿಕ್ಕಿದ್ದು ಕಡಿಮೆ, ಬೀದಿಯಲ್ಲಿ ಸಿಕ್ಕಿದ್ದೇ ಜಾಸ್ತಿ.

ಬುದ್ಧಿಜೀವಿ

ಕೂಡ್ಲಿಗಿಯಲ್ಲಿ ಬಸ್ಸಿಗೆ ಕಾಯುವಾಗ ಸಹೋದ್ಯೋಗಿಯೊಬ್ಬರು, "ಇವರು ದೊಡ್ಡ ಬುದ್ಧಿಜೀವಿ" ಎಂದು ನನ್ನನ್ನು ಗೆಳೆಯರಿಗೆ ಪರಿಚಯಿಸಿದರು. ಪಕ್ಕದಲ್ಲಿ ಹಡಗಲಿ ಮಲ್ಲಿಗೆ ಮಾರುತ್ತಿದ್ದ ಮುದುಕಿ ಕೇಳಿಸಿಕೊಂಡಳು.

"ಬುದ್ಧಿ ಮ್ಯಾಲೆ ಜೀವನ ಮಾಡ್ತೀಯೇನವ್ವಾ?"

"ಹೌದಮ್ಮಾ."

"ಪಾಪ! ಈ ಊರಾಗ ಅದನ್ನ ಪುಕ್ಕಟೆ ಕೊಟ್ರೂ ಯಾರೂ ತಗಳಲ್ಲ. ಮಲ್ಲಿಗಿ ಮಾರು, ಹೋಗ್ತೈತಿ."

ವಿದೂಷಕಿ

ಹರಪನಹಳ್ಳಿಯ ಮಹಿಳೆಯರು ಸನ್ಮಾನಕ್ಕೆ ಕರೆದರು. ವೇದಿಕೆ ಹತ್ತಿ ನೋಡಿದರೆ, ಬ್ಯಾನರಿನಲ್ಲಿ ‘ವಿದುಷಿ’ ಹೋಗಿ ‘ವಿದೂಷಕಿ’ ಆಗಿದೆ! ಬರೆದಾತನಿಗೆ ಹೇಳಿ ಕಳಿಸಿದರು. ಆತ ಡಬ್ಬಿ, ಕುಂಚ ಹಿಡಿದು ಬರುವಷ್ಟರಲ್ಲಿ ನನ್ನ ಭಾಷಣ ನಡೆದಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಆತ ಪೂರ್ತಿ ಕೇಳಿ, ಡಬ್ಬಿಯ ಮುಚ್ಚಳ ಹಾಕಿದ.

"ನಾ ಬರದದ್ದ ಸರಿ ಐತ್ರಿ."

ಶಾಣ್ಯಾಕಿ

ಇವೆಲ್ಲಕ್ಕಿಂತ ಹಳೆಯದು, ಚಿಗಟೇರಿಯ ನಮ್ಮ ಮನೆಗೆ ಗಂಡಿನವರು ಬಂದ ದಿನದ್ದು. ‘ಹುಡುಗಿ ಭಾಳ ಶಾಣ್ಯಾಕಿ’ ಅನ್ನೋ ಕಾರಣಕ್ಕೇ ಎರಡು ಸಂಬಂಧ ತಪ್ಪಿದ್ದವು. ಹೆದರಿದ ಅವ್ವ ನನ್ನ ಪುಸ್ತಕಗಳನ್ನೆಲ್ಲ ಜೋಳದ ಚೀಲಗಳ ಹಿಂದೆ ತಳ್ಳಿದಳು. "ಏನು ಕೇಳಿದ್ರೂ ಗೊತ್ತಿಲ್ಲ ಅನ್ನು" ಎಂದು ಆಣೆ ಮಾಡಿಸಿಕೊಂಡಳು.

ಹುಡುಗ ಹೊಳಲಿನವನು, ಹೈಸ್ಕೂಲು ಮೇಷ್ಟ್ರು. ಅವನ ಅಜ್ಜಿ ಸೊಂಟದ ಸಂಚಿಯಿಂದ ಸರ್ಕಾರಿ ಕಾಗದವೊಂದನ್ನು ತೆಗೆದು, "ಇದರಾಗ ಏನೈತಿ ಹೇಳವ್ವಾ" ಎಂದಳು. ಒಂದೇ ನೋಟಕ್ಕೆ ತಿಳಿಯಿತು. ಆದರೆ ಅವ್ವನ ಕಣ್ಣು ನನ್ನ ಮೇಲೇ ಇತ್ತು. "ಗೊತ್ತಿಲ್ರಿ" ಅಂದೆ.

ಅಜ್ಜಿ ಕಾಗದ ಮಡಚಿ ಎದ್ದೇಬಿಟ್ಟಳು. "ನಡೀರಿ. ಹುಡುಗಿ ಶಾಣ್ಯಾಕಿ ಅಂತ ಕೇಳಿ ಅಷ್ಟು ದೂರದಿಂದ ಬಂದಿದ್ವಿ."

ಅವ್ವ ಒಳಗೆ ಓಡಿದವಳು ತಲೆಯ ಮೇಲೆ ಜೋಳದ ಧೂಳು, ಎದೆಗೆ ಪುಸ್ತಕದ ಹೊರೆ ಹೊತ್ತುಕೊಂಡೇ ಬಂದಳು. "ಸುಳ್ಳು ಹೇಳ್ಯಾಳ್ರೀ! ಎಂ.ಎ. ಮಾಡ್ಯಾಳ! ದಿನಾ ನನ್ನ ಜೋಡಿ ವಾದ ಮಾಡ್ತಾಳ!"

ನಾನು ಕಾಗದ ಇಸಿದುಕೊಂಡು, ಅಜ್ಜಿಯ ಹೆಸರಿಗೆ ಹೊಲದ ಖಾತೆ ಆಗಿದೆ ಎಂದು ಬಿಡಿಸಿ ಹೇಳಿದೆ. ಅಜ್ಜಿ ಮತ್ತೆ ಚಾಪೆಯ ಮೇಲೆ ಕೂತಳು.

"ಮೊದಲ ಹೇಳಬಾರದೇನು? ದಡ್ಡರು ನಮ್ಮ ಮನ್ಯಾಗ ಆಗಲೇ ಐದು ಮಂದಿ ಅದಾರ, ಈ ಮೇಷ್ಟ್ರನ್ನೂ ಹಿಡದು!"

ಎಲ್ಲರಿಗಿಂತ ಜೋರಾಗಿ ನಕ್ಕದ್ದು ಆ ಮೇಷ್ಟ್ರೇ. ನಾನು ಒಪ್ಪಿದ್ದು ಆಗಲೇ.