ಊರು ತಿಳಿಯದ ಇಬ್ಬರು ಹೆಂಗಸರಿಗೆ ಎಡೆ

ನಮ್ಮಣ್ಣ ಒಂದು ಬೀಡಿ ಸೇದಿದವನಲ್ಲ. ಆದರೆ ಗಾಂಜಾ ಅವನ ತಲೆಗೇರಿದಷ್ಟು ಹಂಪಿಯ ಯಾವ ಸಾಧುವಿಗೂ ಏರಿರಲಿಕ್ಕಿಲ್ಲ! ಸೊಪ್ಪಲ್ಲ, ಬರೀ ಅದರ ಹೆಸರು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ಆದರೂ ಮೊಮ್ಮಗಳು ಹುಟ್ಟಿದ ಸಂತೋಷ ಒಳಗೆ ನಿಲ್ಲಬೇಕಲ್ಲ?

ದೋಣಿಮಲೈಯಲ್ಲಿ ಗಣಿಯ ಬಸ್ಸು ಓಡಿಸಿ ರಿಟೈರ್ ಆದ ಅಣ್ಣ ಹೊಸಪೇಟೆಯ ನಮ್ಮ ಮನೆಗೆ ಬಂದು ಸೇರಿದ. ದಿನಾ ಹಂಪಿಗೆ ಹೋಗಿ ಪರದೇಶದವರ ಜೊತೆ ಹರಟೆ. ಒಂದು ದಿನ ಎಳನೀರು ಕುಡಿಯುತ್ತಿದ್ದ ಒಬ್ಬ ಹೇಳಿದನಂತೆ: ಗಾಂಜಾಕ್ಕೆ ಅವರ ಕಡೆ ಮರಿಹುವಾನಾ ಎನ್ನುತ್ತಾರೆ, ಹೆಸರು ಮೆಕ್ಸಿಕೋ ದೇಶದಿಂದ ಬಂದದ್ದು. ಮರಿಯಾ, ಹುವಾನಾ ಎಂಬ ಇಬ್ಬರು ಹೆಂಗಸರ ಹೆಸರು ಕೂಡಿಸಿದ್ದೆಂದು ಕೆಲವರ ಮಾತು. ನಿಜವಾದ ಮೂಲ ಯಾರಿಗೂ ಗೊತ್ತಿಲ್ಲ.

ಬೇರೆಯವರಾದರೆ ಎಳನೀರು ಮುಗಿಸಿ ಮರೆಯುತ್ತಿದ್ದರು. ನಮ್ಮಣ್ಣ ಅಂದು ಊಟವನ್ನೇ ಮಾಡಲಿಲ್ಲ. ಯಾರ ಮಕ್ಕಳು ಅವರು, ಯಾವ ಊರು, ಹೇಗೆ ಸತ್ತರು? ಸಂಡೂರಿನ ಗುಡ್ಡದ ಸನ್ಯಾಸಿಯನ್ನು ಕೇಳಿದರೆ, ನಮ್ಮಲ್ಲಿ ಅದು ಭಂಗಿ, ಹೆಂಗಸರ ಸುದ್ದಿ ಇಲ್ಲಿ ತರಬೇಡ ಎಂದು ಅಟ್ಟಿದನಂತೆ. ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸಪ್ಪನನ್ನೇ ಕೇಳಿದ. ಅವನು ಗುಮಾನಿಯಿಂದ ಅಣ್ಣನ ಜೇಬು ತಡವಿದರೆ ಸಿಕ್ಕಿದ್ದು ಶೇಂಗಾ ಚಿಕ್ಕಿ!

ನಗುತ್ತಿದ್ದೆವು. ಆದರೆ ಮುಸ್ಸಂಜೆ ಕಟ್ಟೆಯ ಮೇಲೆ ಕುಳಿತು ಅಣ್ಣ ಆ ಎರಡು ಹೆಸರು ಹೇಳಿದಾಗಲೆಲ್ಲ ಬೀದಿನಾಯಿಗಳು ಬೊಗಳುವುದನ್ನು ನಿಲ್ಲಿಸಿ, ಅವನ ಅತ್ತಿತ್ತ ಯಾರೋ ಕುಳಿತಂತೆ ನೋಡುತ್ತಿದ್ದವು. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಹಾಕಿ, ಹೆಸರು ಹಿಡಿದು ಕರೆದು, ಅವರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ಸುಮ್ಮನೆ ಕೂರುತ್ತೇವೆ. ಅಣ್ಣ ಇನ್ನೆರಡು ಎಲೆ, ಕುಪ್ಪಸದ ಬಟ್ಟೆ, ಒಂದೇ ದಾರದಲ್ಲಿ ಕಟ್ಟಿದ ಹಸಿರು ಬಳೆ ತಂದ. ಮನೆಯಲ್ಲಿ ದಿನ ತುಂಬಿದ ಮಗಳು! ನಾನು ಅಡ್ಡ ನಿಂತೆ.

“ಬಸುರಿ ಇರೋ ಮನಿಗೆ ಯಾವ ದೇಶದ ಸತ್ತವ್ರನ್ನ ಕರೀತಿ ಅಣ್ಣಾ?”

“ದಿನಾ ಜಗತ್ತೆಲ್ಲ ಅವ್ರ ಹೆಸರು ಹಿಡಿದು ಕರೀತೈತಿ ತಂಗಿ. ಕರದು ಒಂದು ತುತ್ತು ಹಾಕ್ದವ್ರು ಒಬ್ರೂ ಇಲ್ಲ.”

ಬಾಗಿಲು ಮುಂದೆ ಮಾಡಿದೆವು. ಒಳಗೆ ಬಳೆ ಸದ್ದಾಯಿತು. ತೆರೆದು ನೋಡಿದರೆ ಆ ಎರಡು ಎಲೆಗಳಲ್ಲಿ ಮಾತ್ರ ಹೋಳಿಗೆಯ ಅಂಚು ಮುರಿದಿತ್ತು, ದಾರ ಬಿಚ್ಚಿ ಬಳೆಗಳು ಎರಡು ಪಾಲಾಗಿದ್ದವು. ಇಲಿ ಇರಬೇಕು ಎಂದ ಅಳಿಯ. ಗಂಟು ಬಿಚ್ಚಿ ಬಳೆ ಹಂಚುವ ಇಲಿಯೇ? ಅಷ್ಟರಲ್ಲಿ ಮಗಳು ಸೊಂಟ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಕೂಸು ಹುಟ್ಟಿತು, ಅಳಲಿಲ್ಲ. ಹೊರಗಿದ್ದ ನಾನು ಅಣ್ಣನ ಮೇಲೆ ಹರಿಹಾಯ್ದೆ. ನೀನು ಕರೆದವರೇ ಒಯ್ಯಲು ಬಂದಿದ್ದಾರೆ ಎಂದೆ. ಅವನು ಖಾಲಿ ಮೂಲೆಗೆ ಕೈಮುಗಿದು, ಮನೆಗೆ ಬಂದ ನೆಂಟರಿಗೆ ಹೇಳುವಂತೆ ಮೆಲ್ಲಗೆ ಹೇಳಿದ: “ಉಂಡೀರಲ್ಲ ಯವ್ವಾ, ಇನ್ನ ಕೂಸನ್ನ ನಮಗ ಬಿಡ್ರಿ.”

ಗಾಳಿಯಿಲ್ಲದ ಆ ಪಡಸಾಲೆಯಲ್ಲಿ ಹೆರಿಗೆ ಕೋಣೆಯ ಬಾಗಿಲ ಪರದೆ ಒಮ್ಮೆ ಅಲುಗಾಡಿತು. ಒಳಗೆ ಕೂಸು ಕಿಟಾರನೆ ಅತ್ತಿತು! ಆ ಅಳುವಿನಷ್ಟು ಚೆಂದದ ಹಾಡನ್ನು ನಾನು ಕೇಳಿಲ್ಲ.

ಜೀವ ನಿರಾಳವಾದ ಮೇಲೆ ಅಣ್ಣನನ್ನು ಕೇಳಿದೆ, ಯಾರೋ ಇಬ್ಬರಿಗಾಗಿ ಇಷ್ಟು ಯಾಕೆ ಎಂದು.

“ನಮ್ಮವ್ವನ ತವರೂರು ಯಾವ್ದು ತಂಗಿ?” ಎಂದ.

ನನಗೂ ಗೊತ್ತಿರಲಿಲ್ಲ. ಅವ್ವ ಯಾವುದೋ ಕೂಲಿ ತಂಡದ ಜೊತೆ ನಮ್ಮಪ್ಪನ ಊರು ಬಂಡ್ರಿಗೆ ಬಂದವಳು. ಎಲ್ಲಿಂದ ಎಂದು ಅಪ್ಪ ಹೇಳಲಿಲ್ಲ, ನಾವು ಬುದ್ಧಿ ಬಂದು ಕೇಳುವ ಹೊತ್ತಿಗೆ ಅವಳಿರಲಿಲ್ಲ.

ನಿನ್ನೆ ತೊಟ್ಟಿಲ ಶಾಸ್ತ್ರ. ಹೆಸರಿಡುವ ಮೊದಲೇ ಅಣ್ಣ ಬಗ್ಗಿ ಕೂಸಿನ ಕಿವಿಯಲ್ಲಿ ಏನೋ ಹೇಳಿದ. ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು.

“ನಿಂದು ಹೊಸಪ್ಯಾಟಿ, ತಾಯಿ. ಎಲ್ಲಿಗೆ ಹೋದ್ರೂ ಮೊದ್ಲು ಇದನ್ನ ಹೇಳು.”